ಮುಳುಗುಗಾರನ ಉಡುಪು: ರಬ್ಬರ್ ಬಟ್ಟೆಯಿಂದ ಮೈಯಳತೆಯ ಡ್ರೈಸೂಟ್‌ವರೆಗೆ

ತಿರುಮಕೂಡಲು ನರಸೀಪುರದ ಸಂಗಮದಲ್ಲಾಗಲಿ, ತಲಕಾಡಿನ ಕಾವೇರಿಯಲ್ಲಾಗಲಿ, ನಂಜನಗೂಡಿನ ಕಪಿಲೆಯಲ್ಲಾಗಲಿ ಯಾರಾದರೂ ಮುಳುಗಿದರೆ ಮೊದಲು ಕರೆ ಹೋಗುವುದು ಊರಿನ ನುರಿತ ಈಜುಗಾರರಿಗೆ. ಅಗ್ನಿಶಾಮಕ ದಳದ ವಾಹನ ಬರುವಷ್ಟರಲ್ಲಿ ಅವರು ತೆಪ್ಪ ಇಳಿಸಿ, ಪಾತಾಳಗರಡಿ ಹಾಕಿ ಒಂದೆರಡು ಮಡು ಜಾಲಾಡಿರುತ್ತಾರೆ. ಮೈಮೇಲೆ ಚಡ್ಡಿ, ಸೊಂಟಕ್ಕೊಂದು ಹಗ್ಗ, ಅಷ್ಟೆ. ಶವ ಸಿಕ್ಕಿತು ಎಂಬುದು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ತೆಗೆದವರು ಎಂಥ ನೀರಿಗೆ ಇಳಿದಿದ್ದರು, ಎಷ್ಟು ಹೊತ್ತು ಅದರೊಳಗಿದ್ದರು, ಆಮೇಲೆ ಅವರಿಗೆ ಜ್ವರ ಬಂತೇ, ಕಿವಿ ಸೋರಿತೇ ಎಂಬುದನ್ನು ಯಾರೂ ಬರೆಯುವುದಿಲ್ಲ. ಮುಳುಗುಗಾರನ ಉಡುಪು ಎರಡು ಶತಮಾನ ಬೆಳೆದು ಬಂದ ಬಗೆಯನ್ನು ಓದುವಾಗ ನನ್ನನ್ನು ಕಾಡುವುದು ಈ ಜನ. ನೀರು ಒಳಗಿಳಿಯದಂತೆ ಮೈಯನ್ನು ಒಣಗಿರಿಸುವ ಡ್ರೈಸೂಟ್ ಅಂದರೆ ಹಿಮದ ನಾಡಿನ ಹವ್ಯಾಸಿಗಳ ಸಾಮಾನು ಎಂದು ನಾವು ಬದಿಗಿಟ್ಟಿದ್ದೇವೆ. ಅದರ ಚರಿತ್ರೆಯನ್ನು ನೋಡಿದರೆ ಅದು ಮೊದಲಿನಿಂದಲೂ ದುಡಿಯುವವನ ಬಟ್ಟೆ.

ಶುರುವಾದದ್ದು ಬಟ್ಟೆಯಿಂದಲೇ. ಸ್ಕಾಟ್ಲೆಂಡಿನ ರಸಾಯನ ತಜ್ಞ ಚಾರ್ಲ್ಸ್ ಮ್ಯಾಕಿಂಟಾಷ್ ರಬ್ಬರನ್ನು ನಾಫ್ತಾದಲ್ಲಿ ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದು ಒತ್ತಿ, ನೀರು ಇಳಿಯದ ಬಟ್ಟೆ ಮಾಡಿ 1823ರಲ್ಲಿ ಪೇಟೆಂಟ್ ಪಡೆದ. ಅದು ಬಿಸಿಲಿಗೆ ಅಂಟುತ್ತಿತ್ತು, ಚಳಿಗೆ ಸೆಟೆದು ಬಿರುಕು ಬಿಡುತ್ತಿತ್ತು. 1840ರ ದಶಕದಲ್ಲಿ ಅಮೆರಿಕದಲ್ಲಿ ಗುಡ್‌ಇಯರ್, ಇಂಗ್ಲೆಂಡಿನಲ್ಲಿ ಹ್ಯಾನ್ಕಾಕ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸುವುದನ್ನು ರೂಢಿಗೆ ತಂದ ಮೇಲೆ ಆ ತೊಂದರೆ ನೀಗಿತು. ಇವತ್ತು ಅತಿ ಹೆಚ್ಚು ಮಾರಾಟವಾಗುವ ಡ್ರೈಸೂಟ್‌ಗಳ ಬಟ್ಟೆಗೆ ಟ್ರೈಲ್ಯಾಮಿನೇಟ್ ಎನ್ನುತ್ತಾರೆ: ಹೊರಗೆ ನೈಲಾನ್, ಒಳಗೆ ಪಾಲಿಯೆಸ್ಟರ್, ನಡುವೆ ಬ್ಯೂಟೈಲ್ ರಬ್ಬರಿನ ತೆಳು ಪದರ. ನೂಲು ಬದಲಾಗಿದೆ, ರಬ್ಬರ್ ಬದಲಾಗಿದೆ, ಮ್ಯಾಕಿಂಟಾಷನ ಯೋಚನೆ ಹಾಗೇ ಇದೆ.

ಆ ಬಟ್ಟೆಯನ್ನು ಮುಳುಗುವವನ ಮೈಗೆ ಸರಿಯಾಗಿ ತೊಡಿಸಿದ್ದು ಲಂಡನ್ನಿನಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಕುಶಲಕರ್ಮಿ ಅಗಸ್ಟಸ್ ಸೀಬೆ. ಅವನಿಗಿಂತ ಮುಂಚಿನ ಉಡುಪಿನಲ್ಲಿ ತಾಮ್ರದ ಶಿರಸ್ತ್ರಾಣಕ್ಕೆ ಸೊಂಟದವರೆಗಿನ ಅಂಗಿ ಮಾತ್ರ ಇರುತ್ತಿತ್ತು. ಮೇಲಿಂದ ಪಂಪು ಮಾಡಿದ ಗಾಳಿ ಅಂಗಿಯ ಅಂಚಿನಿಂದ ಹೊರಹೋಗುತ್ತಿತ್ತು. ನೆಟ್ಟಗೆ ನಿಂತಿರುವವರೆಗೆ ಸರಿ. ಕಾಲು ಜಾರಿ ಬಿದ್ದರೆ ಶಿರಸ್ತ್ರಾಣದೊಳಕ್ಕೆ ನೀರು ನುಗ್ಗುತ್ತಿತ್ತು. ಸೀಬೆ 1837ರ ಹೊತ್ತಿಗೆ ಶಿರಸ್ತ್ರಾಣವನ್ನು ಪೂರ್ತಿ ಮೈಮುಚ್ಚುವ ಉಡುಪಿಗೇ ಬಿಗಿದ. ಸ್ಪಿಟ್‌ಹೆಡ್‌ನಲ್ಲಿ 1782ರಲ್ಲಿ ಮುಳುಗಿದ್ದ ‘ರಾಯಲ್ ಜಾರ್ಜ್’ ಎಂಬ ಯುದ್ಧನೌಕೆಯನ್ನು ತೆರವು ಮಾಡಲು 1839ರಲ್ಲಿ ಕರ್ನಲ್ ಪ್ಯಾಸ್ಲಿ ಹೊರಟಾಗ ಈ ಉಡುಪಿಗೆ ನಿಜವಾದ ಪರೀಕ್ಷೆ ನಡೆಯಿತು. ಅಲ್ಲಿಂದ ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಬಂದರು, ಸೇತುವೆ, ಅಣೆಕಟ್ಟುಗಳ ಮುಳುಗುಗಾರರು ಹೆಚ್ಚುಕಡಿಮೆ ಅದನ್ನೇ ತೊಟ್ಟರು.

ನೀರು ತಡೆಯುವ ಕೆಲಸ ರಬ್ಬರ್ ಬಟ್ಟೆಯದು. ಬೆಚ್ಚಗಿಡುವ ಕೆಲಸ ಒಳಗಿನ ಉಣ್ಣೆಯದು. ಆ ಮುಳುಗುಗಾರರು ಉಣ್ಣೆಯ ಬನಿಯನ್, ಉಣ್ಣೆಯ ಚಲ್ಲಣ, ಉಣ್ಣೆಯ ಕಾಲುಚೀಲಗಳನ್ನು ಒಂದರ ಮೇಲೊಂದು ಹಾಕಿಕೊಳ್ಳುತ್ತಿದ್ದರು.

ಈ ಉಡುಪು ತೊಟ್ಟು ನಡೆದ ಒಂದು ಕೆಲಸವನ್ನು ಇಲ್ಲಿ ಹೇಳಬೇಕು. ಇಂಗ್ಲೆಂಡಿನ ವಿಂಚೆಸ್ಟರ್ ಮಹಾಚರ್ಚು 1900ರ ಆಸುಪಾಸಿನಲ್ಲಿ ಕುಸಿಯತೊಡಗಿತ್ತು. ತಳಪಾಯಕ್ಕೆ ಕಂದಕ ತೋಡಿದರೆ ನೀರು ತುಂಬಿಕೊಳ್ಳುತ್ತಿತ್ತು. ವಿಲಿಯಂ ವಾಕರ್ ಎಂಬ ಮುಳುಗುಗಾರ 1906ರಿಂದ 1911ರವರೆಗೆ ಆ ಕೆಸರು ನೀರಿನಲ್ಲಿ, ಸುಮಾರು 6 ಮೀಟರ್ ಆಳದಲ್ಲಿ, ಕಣ್ಣಿಗೆ ಏನೂ ಕಾಣದ ಕತ್ತಲೆಯಲ್ಲಿ ಕೈತಡವಿಕೊಂಡೇ ಕಾಂಕ್ರೀಟ್ ಮೂಟೆಗಳನ್ನು ಜೋಡಿಸಿ ಚರ್ಚನ್ನು ಉಳಿಸಿದ. ನಮ್ಮ ಹೊಳೆಗಳಲ್ಲಿ ಹೆಣ ಹುಡುಕುವವರ ಕೆಲಸವೂ ಇದೇ ಬಗೆಯದು. ಅಲ್ಲಿಯೂ ಕಣ್ಣಿನ ಕೆಲಸ ಕೈಯದು. ವಾಕರ್‌ಗೆ ಮೈಮುಚ್ಚುವ ಉಡುಪಿತ್ತು, ಇವರಿಗಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಮತ್ತು ಇಟಲಿಯ ನೌಕಾಪಡೆಗಳು ಭಾರದ ಶಿರಸ್ತ್ರಾಣ ಬಿಟ್ಟು, ಈಜಲು ಬರುವ ತೆಳು ರಬ್ಬರ್ ಉಡುಪು ಮಾಡಿಕೊಂಡವು. ಯುದ್ಧ ಮುಗಿದ ಮೇಲೆ 1950ರ ದಶಕದ ಆರಂಭದಲ್ಲಿ ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ನಿಯೋಪ್ರೀನ್ ಸ್ಪಂಜಿನ ವೆಟ್‌ಸೂಟ್ ತಂದ. ನೀರು ಒಳಗೆ ಬಂದರೂ ಪರವಾಗಿಲ್ಲ, ಸ್ಪಂಜಿನ ಗುಳ್ಳೆಗಳೇ ಶಾಖ ಕಾಯುತ್ತವೆ ಎಂಬುದು ಅದರ ತತ್ತ್ವ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಮುಳುಗುವ ಪ್ರವಾಸಿಗರು ತೊಡುವುದು ಇದನ್ನೇ, ಅಲ್ಲಿಯ ಬೆಚ್ಚನೆಯ ಸಮುದ್ರಕ್ಕೆ ಇದೇ ಸಾಕು.

ಚಳಿನೀರಿಗೆ ಮಾತ್ರ ಸಾಲದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖ ಎಳೆದುಕೊಳ್ಳುತ್ತದೆ. ಆಳಕ್ಕೆ ಹೋದಂತೆ ಸ್ಪಂಜು ಅಮುಕಿ ತೆಳ್ಳಗಾಗುತ್ತದೆ. ಹಳೆಯ ಒಣ ಉಡುಪಿಗೂ ಒತ್ತಡದ್ದೇ ಕಾಟ: 10 ಮೀಟರ್ ಇಳಿದರೆ ಒಳಗಿನ ಗಾಳಿ ಅರ್ಧಕ್ಕೆ, 20ಕ್ಕೆ ಮೂರನೇ ಒಂದು ಪಾಲಿಗೆ ಕುಗ್ಗಿ, ಬಟ್ಟೆಯ ಮಡಿಕೆಗಳು ಚರ್ಮವನ್ನು ಚಿವುಟಿ ಬಾಸುಂಡೆ ಎಬ್ಬಿಸುತ್ತಿದ್ದವು. ಸ್ವೀಡನ್ನಿನ ಪೊಸೈಡನ್ ಕಂಪನಿ 1960 ಮತ್ತು 70ರ ದಶಕಗಳ ಸಂಧಿಯಲ್ಲಿ ಹೊರತಂದ ‘ಯೂನಿಸೂಟ್’ ಈ ತೊಡಕನ್ನು ಬಿಡಿಸಿತು. ಸಿಲಿಂಡರಿನಿಂದ ಒಂದು ಕೊಳವೆ ಎದೆಯ ವಾಲ್ವಿಗೆ ಬರುತ್ತದೆ; ಇಳಿಯುವಾಗ ಗುಂಡಿ ಒತ್ತಿ ಗಾಳಿ ತುಂಬಿಕೊಳ್ಳಬೇಕು, ಏರುವಾಗ ಇನ್ನೊಂದು ವಾಲ್ವಿನಿಂದ ಬಿಡಬೇಕು. ಬಾಹ್ಯಾಕಾಶ ಉಡುಪುಗಳಲ್ಲಿ ಬಳಕೆಗೆ ಬಂದಿದ್ದ ಗಾಳಿಯಾಡದ ಜಿಪ್ಪನ್ನು ಇದಕ್ಕೆ ಹಾಕಿದರು. ನನ್ನ ದೃಷ್ಟಿಯಲ್ಲಿ ಸೀಬೆಯ ನಂತರದ ಬಹುದೊಡ್ಡ ಹೆಜ್ಜೆ ಈ ಜಿಪ್ಪು. ಅದು ಬರುವ ಮುಂಚೆ ಉಡುಪಿನೊಳಕ್ಕೆ ನುಸುಳುವುದೇ ಒಂದು ಸಾಹಸವಾಗಿತ್ತು.

ಮುಂದಿನ ಬದಲಾವಣೆಗಳು ಬೇಗ ಬೇಗ ಬಂದವು: ಮೊದಲೇ ಅಮುಕಿಟ್ಟ ನಿಯೋಪ್ರೀನ್, ಸ್ವೀಡನ್ನಿನ ಟ್ರೆಲ್ಲೆಬೋರ್ಗ್ ಮಾಡಿದ ನುಣುಪಾದ ವಲ್ಕನೀಕೃತ ರಬ್ಬರಿನ ವೈಕಿಂಗ್ ಉಡುಪು, ಹಗುರಾದ ಟ್ರೈಲ್ಯಾಮಿನೇಟ್, ಹಿತ್ತಾಳೆ ಹಲ್ಲಿನ ಬದಲು ಪ್ಲಾಸ್ಟಿಕ್ ಜಿಪ್ಪು.

ಟ್ರೈಲ್ಯಾಮಿನೇಟ್ ಬಂದದ್ದರಿಂದಲೇ ಮೈಯಳತೆಯ ಪ್ರಶ್ನೆ ಎದ್ದಿತು. ನಿಯೋಪ್ರೀನ್ ಹಿಗ್ಗುತ್ತದೆ, ಈ ಬಟ್ಟೆ ಹಿಗ್ಗುವುದಿಲ್ಲ. ಸಿದ್ಧ ಉಡುಪುಗಳ ಅಳತೆಪಟ್ಟಿಯನ್ನು ಯುರೋಪು, ಅಮೆರಿಕದ ಮೈಕಟ್ಟಿಗೆ ಹೊಂದಿಸಿರುವುದರಿಂದ ನಮ್ಮವರಿಗೆ ಎದೆ ಸರಿಹೋದರೆ ಕಾಲು ಉದ್ದವಾಗುತ್ತದೆ, ಕಾಲು ಸರಿಹೋದರೆ ಹೊಟ್ಟೆ ಬಿಗಿಯುತ್ತದೆ. ಹೆಂಗಸರಿಗಂತೂ ಇನ್ನೂ ಕಷ್ಟ. ನಾರ್ವೆ, ಕೆನಡಾದಂಥ ಕಡೆ ನೆಲೆಸಿ ಈ ಹವ್ಯಾಸಕ್ಕೆ ಬೀಳುವ ಕನ್ನಡದ ಹುಡುಗ ಹುಡುಗಿಯರು, ವರ್ಷವಿಡೀ 2ರಿಂದ 4 ಡಿಗ್ರಿ ಇರುವ ಐಸ್‌ಲೆಂಡಿನ ಸಿಲ್ಫ್ರಾ ಬಿರುಕಿನಲ್ಲಿ ಬಾಡಿಗೆ ಉಡುಪು ತೊಟ್ಟು ಇಳಿಯುವ ಪ್ರವಾಸಿಗರು, ಎಲ್ಲರೂ ಎದುರಿಸುವ ಪ್ರಶ್ನೆ ಇದು. ಕಾಲಿನ ಬಳಿ ಬಟ್ಟೆ ಸಡಿಲವಾಗಿದ್ದರೆ ಗಾಳಿಯೆಲ್ಲ ಅಲ್ಲಿಗೆ ಓಡಿ ಮನುಷ್ಯ ತಲೆಕೆಳಗಾಗಿ ಮೇಲಕ್ಕೆ ಚಿಮ್ಮುವ ಅಪಾಯವಿದೆ. ಹಾಗಾಗಿ ಇಲ್ಲಿ ಅಳತೆ ಅಂದರೆ ಜೀವದ ಮಾತು.

ಅಳತೆ ತೆಗೆಯುವ ಕ್ರಮವನ್ನು ನಮ್ಮ ದರ್ಜಿಗಳು ನೋಡಿದರೆ ಕೂಡಲೇ ಅರ್ಥಮಾಡಿಕೊಳ್ಳುತ್ತಾರೆ. ಬರಿಮೈಯ ಅಳತೆಯ ಜೊತೆಗೆ ಒಳಗೆ ತೊಡುವ ದಪ್ಪ ಉಡುಪಿಗೂ ಜಾಗ ಬಿಡಬೇಕು. ಕತ್ತಿನ ಬುಡದಿಂದ ಕಾಲಸಂದಿನ ಮೂಲಕ ಬೆನ್ನಿಗೆ ಸುತ್ತಿಬರುವ ಅಳತೆ ಎಲ್ಲಕ್ಕಿಂತ ಮುಖ್ಯ. ಅದು ಒಂದಿಷ್ಟು ಕಡಿಮೆಯಾದರೂ ಬಗ್ಗಲಾಗುವುದಿಲ್ಲ. ಹೊಲಿದು ಬಂದ ಮೇಲೆ ಕುಕ್ಕರಗಾಲಲ್ಲಿ ಕೂರಬೇಕು, ಎರಡು ಕೈಯಲ್ಲೂ ಮೈ ತಬ್ಬಿಕೊಳ್ಳಬೇಕು, ಕೈಯನ್ನು ತಲೆಯ ಹಿಂದೆ ಒಯ್ದು ಬೆನ್ನಿನ ಸಿಲಿಂಡರಿನ ವಾಲ್ವು ಮುಟ್ಟಬೇಕು. ಮುಟ್ಟಲಾಗದಿದ್ದರೆ ಆ ಉಡುಪನ್ನು ವಾಪಸು ಕಳಿಸಬೇಕು, ಎಷ್ಟೇ ದುಡ್ಡು ಕೊಟ್ಟಿದ್ದರೂ.

ಇಷ್ಟೆಲ್ಲ ನಮಗೇಕೆ ಎಂದರೆ, ನಮ್ಮ ನೀರಿಗಾಗಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ 351 ಕಲುಷಿತ ನದಿಪಾತ್ರಗಳಲ್ಲಿ ಕರ್ನಾಟಕದವು 17. ನಂಜನಗೂಡಿನಿಂದ ಹೆಜ್ಜಿಗೆಯವರೆಗಿನ ಕಪಿಲೆ ಅದರಲ್ಲೊಂದು. ಚರಂಡಿ ಬೆರೆತ ನೀರಿನಲ್ಲಿ ಗಂಟೆಗಟ್ಟಲೆ ಹುಡುಕುವವನಿಗೆ ಇಲಿಜ್ವರ, ಕಿವಿಸೋಂಕು, ಚರ್ಮರೋಗಗಳ ಭಯ ಸದಾ ಇರುತ್ತದೆ. ಬೇರೆ ದೇಶಗಳ ಪೊಲೀಸ್ ಮುಳುಗುಗಾರರು ಕೊಳಕು ನೀರಿಗೆ ನುಣುಪು ರಬ್ಬರಿನ ಡ್ರೈಸೂಟ್ ತೊಡುವುದು ಇದೇ ಕಾರಣಕ್ಕೆ. ಸ್ಪಂಜಿನ ವೆಟ್‌ಸೂಟ್ ಕೊಳೆಯನ್ನು ಹೀರಿ ಮೈಗೇ ಹಚ್ಚುತ್ತದೆ. ರಬ್ಬರನ್ನು ದಡಕ್ಕೆ ಬಂದೊಡನೆ ತೊಳೆದುಬಿಡಬಹುದು. ಜೊತೆಗೆ ಮುಖವನ್ನು ಪೂರ್ತಿ ಮುಚ್ಚುವ ಮಾಸ್ಕು, ಉಡುಪಿಗೇ ಸೇರಿದ ತಲೆಟೋಪಿ, ಒಣ ಕೈಗವಸು ಬೇಕು. ಬಾಯಿ ತೆರೆದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ತೊಡಕುಗಳಿವೆ. ಏಪ್ರಿಲ್ ಬಿಸಿಲಲ್ಲಿ ಇದನ್ನು ತೊಟ್ಟು ದಡದಲ್ಲಿ ಹತ್ತು ನಿಮಿಷ ನಿಂತರೆ ತಲೆಸುತ್ತು ಬರುತ್ತದೆ. ಮೇಲೆ ನೀರು ಸುರಿಯುತ್ತಲೇ ಇರಬೇಕು. ನೆರೆಯ ಸೆಳವಿನಲ್ಲಿ ಉಬ್ಬಿದ ಉಡುಪು ಮನುಷ್ಯನನ್ನು ಎಳೆದೊಯ್ಯುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕಾಣೆಯಾದವರನ್ನು ಹುಡುಕಲು ಬಂದ ನೌಕಾಪಡೆಯ ಮುಳುಗುಗಾರರೂ ಗಂಗಾವಳಿ ನದಿಯ ಸೆಳವಿನಿಂದಾಗಿ ದಿನಗಟ್ಟಲೆ ಕಾಯಬೇಕಾಯಿತು. ಮಲ್ಪೆಯ ಮುಳುಗುಗಾರ ಈಶ್ವರ್ ಮತ್ತು ಸಂಗಡಿಗರು ಇಳಿದ ನೀರು ಅಂಥದ್ದು. ಅಂಥ ಕಡೆ ಯಾವ ಉಡುಪೂ ಪೂರ್ತಿ ಅಭಯ ಕೊಡಲಾರದು. ನಿಂತ ಮಡು, ಕೆರೆ, ನಾಲೆ, ಕಟ್ಟೆಯ ಹಿನ್ನೀರುಗಳ ಮಾತು ಬೇರೆ, ಅಲ್ಲಿ ಇದು ಖಂಡಿತ ಕೆಲಸಕ್ಕೆ ಬರುತ್ತದೆ.

ಸಿಬ್ಬಂದಿ ವರ್ಗವಾಗುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಉಡುಪು ಹೊಲಿಸಲಾಗುವುದಿಲ್ಲ ಎಂಬ ಮಾತು ಅಗ್ನಿಶಾಮಕ ಠಾಣೆಗಳ ಮಟ್ಟಿಗೆ ನಿಜವೇ. ಅದಕ್ಕೊಂದು ದಾರಿ ಈಗ ಇದೆ. ನೀರು ನುಗ್ಗುವುದು ಮುಖ್ಯವಾಗಿ ಕತ್ತು ಮತ್ತು ಮಣಿಕಟ್ಟಿನಲ್ಲಿ. ಅಲ್ಲಿನ ಲ್ಯಾಟೆಕ್ಸ್ ಸೀಲು ಶಂಕುವಿನಾಕಾರದ್ದು, ಅದರ ಮೇಲೆ ಅಳತೆಯ ಉಂಗುರಗಳು ಉಬ್ಬಿಕೊಂಡಿರುತ್ತವೆ. ತೊಡುವವನ ಕತ್ತಿಗೆ ತಕ್ಕಂತೆ ಒಂದೊಂದೇ ಉಂಗುರ ಕತ್ತರಿಸುತ್ತ ಬರಬೇಕು. ಬಿಗಿಯಾದರೆ ಕತ್ತಿನ ರಕ್ತನಾಳ ಅಮುಕಿ ಕಣ್ಣು ಕತ್ತಲೆಗಟ್ಟುತ್ತದೆ, ಸಡಿಲವಾದರೆ ಎದೆಗೆ ನೀರು. ನಮ್ಮ ಸೆಖೆಗೆ ಲ್ಯಾಟೆಕ್ಸ್ ಬೇಗ ಅಂಟಾಗಿ ಹರಿಯುತ್ತದೆ. ಇತ್ತೀಚಿನ ಉಡುಪುಗಳಲ್ಲಿ ಕತ್ತು, ಮಣಿಕಟ್ಟಿಗೆ ಗಟ್ಟಿ ಬಳೆ ಕೂರಿಸಿ, ಅದಕ್ಕೆ ಸಿಲಿಕೋನ್ ಸೀಲನ್ನು ಅಂಟಿಲ್ಲದೆ ಸಿಕ್ಕಿಸುತ್ತಾರೆ. ದಡದಲ್ಲೇ ಕೆಲವು ನಿಮಿಷದಲ್ಲಿ ಬದಲಿಸಬಹುದು. ಠಾಣೆಗೆ ಎರಡು ಮೂರು ಗಾತ್ರದ ಉಡುಪು ಇದ್ದು, ಪ್ರತಿಯೊಬ್ಬನಿಗೂ, ಕರೆದಾಗ ಬರುವ ಊರ ಈಜುಗಾರನಿಗೂ, ಸರಿಯಾದ ತರಬೇತಿಯ ಜೊತೆಗೆ ಅವನದೇ ಅಳತೆಯ ಸೀಲುಗಳು ಹೆಸರು ಬರೆದ ಡಬ್ಬಿಯಲ್ಲಿದ್ದರೆ ಸಾಕು. ನರಸೀಪುರದ ಕುಂಭಮೇಳಕ್ಕೆ ಮೂರು ವರ್ಷಕ್ಕೊಮ್ಮೆ ಮಾಡುವ ಸಿದ್ಧತೆಯ ಪಟ್ಟಿಯಲ್ಲಿ ದೋಣಿ, ಲೈಫ್ ಜಾಕೆಟ್‌ಗಳ ಕೆಳಗೆ ಈ ಡಬ್ಬಿಗಳನ್ನೂ ಸೇರಿಸಲು ಮುಂದಿನ ಮೇಳದವರೆಗೆ ಸಮಯವಿದೆ.