ಮಾತು ಬಿಡದ ನ್ಯಾಯ

‘ದುಡ್ಡು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ’ ಎಂಬ ಗಾದೆ ಕರಾವಳಿಯಿಂದ ಮುಂಬಯಿಗೆ ಬಂದ ಹಿರಿಯರ ಬಾಯಲ್ಲಿ ಕೇಳಿದ್ದೀರಿ. ಅದರ ಹಿಂದೊಂದು ನ್ಯಾಯಪದ್ಧತಿಯಿದೆ. ಧರ್ಮಸ್ಥಳದಲ್ಲಿ ಹೆಗ್ಗಡೆಯವರು ಜಾಗ, ಸಾಲ, ಪಾಲಿನ ತಕರಾರು ಕೇಳಿ ತೀರ್ಮಾನ ಹೇಳುವುದೇ ‘ಹೊಯ್ಲು’. ಅಲ್ಲಿ ದೈವಭಯವೇ ಜಾಮೀನು.

ಕೋರ್ಟುಗಳೂ ಆಣೆಗೆ ಬೆಲೆ ಕೊಟ್ಟಿದ್ದವು. 1873ರ ಪ್ರಮಾಣ ಕಾಯ್ದೆಯಂತೆ, ‘ಎದುರಾಳಿ ದೇವರಾಣೆ ಮಾಡಿ ಹೇಳಿದರೆ ಒಪ್ಪುತ್ತೇನೆ’ ಎಂದವನಿಗೆ ಆ ಹೇಳಿಕೆಯೇ ಅಂತಿಮ ಸಾಕ್ಷ್ಯವಾಗುತ್ತಿತ್ತು. 1969ರ ಹೊಸ ಕಾಯ್ದೆ ಇದನ್ನು ಕೈಬಿಟ್ಟಿತು.

ಆಣೆಗೆ ಅಪಾಯವೂ ಉಂಟು: ಸತ್ಯವಂತ ಅಂಜಿ ಹಿಂಜರಿದರೆ ಭಂಡ ಗೆಲ್ಲುತ್ತಾನೆ. ಆದರೆ ಎದುರುಬದುರು ಕೂತು ಮಾತಾಡಿಸುವ ಹೊಯ್ಲಿನ ರೀತಿ ಇಂದಿಗೂ ಬೇಕು. ಊರಮನೆಯ ಪಾಲಿಗಾಗಿ ಇಲ್ಲಿ ಎಷ್ಟು ಅಣ್ಣತಮ್ಮಂದಿರು ಮಾತು ಬಿಟ್ಟಿಲ್ಲ? ಕೇಸು ಗೆದ್ದವನಿಗೂ ಮುಂದಿನ ಚೌತಿಗೆ ಪಂಕ್ತಿಯಲ್ಲಿ ಜೊತೆಗೊಬ್ಬ ತಮ್ಮ ಬೇಕಲ್ಲವೇ?