ಖಾಲಿ ಮೆಮೊರಿಯ ಲೆಕ್ಕ

ಸರ್ವರ್ ಕೊಳ್ಳುವಾಗ ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಲ್ಲಕ್ಕೂ ಒಟ್ಟಿಗೇ ದುಡ್ಡು ಕೊಡುತ್ತೇವೆ. ದುಡಿಮೆ ಮಾತ್ರ ಎಲ್ಲವುಗಳದ್ದೂ ಒಂದೇ ಸಮ ಇರುವುದಿಲ್ಲ. ಪ್ರೊಸೆಸರ್ ಏದುಸಿರು ಬಿಡುತ್ತಿರುವ ಯಂತ್ರದಲ್ಲೇ ಅರ್ಧ ಮೆಮೊರಿ ಖಾಲಿ ಬಿದ್ದಿರಬಹುದು. ಪ್ರಾಜೆಕ್ಟಿನ ಖರ್ಚು ನೋಡಿಕೊಳ್ಳುವ ನನ್ನಂಥವರಿಗೆ ಆ ಖಾಲಿ ಜಾಗ ಕಣ್ಣಿಗೆ ಚುಚ್ಚುತ್ತದೆ. ಅದನ್ನು ದುಡಿಸಿಕೊಂಡವರ ಚರಿತ್ರೆಯಲ್ಲಿ ಮೆಮ್‌ಕ್ಯಾಶ್‌ಡಿ ಒಂದು ಮುಖ್ಯ ಅಧ್ಯಾಯ.

ಅಮೆರಿಕದ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ 1999ರಲ್ಲಿ ಲೈವ್‌ಜರ್ನಲ್ ಎಂಬ ತಾಣ ಶುರು ಮಾಡಿದರು. ಜನ ಅಲ್ಲಿ ದಿನಚರಿ ಬರೆಯುತ್ತಿದ್ದರು, ಗೆಳೆಯರದನ್ನು ಓದುತ್ತಿದ್ದರು. ತಮ್ಮ ಬರಹ ಯಾರಿಗೆ ಕಾಣಬೇಕೆಂದು ಬರೆದವರೇ ತೀರ್ಮಾನಿಸುತ್ತಿದ್ದರಿಂದ ಒಬ್ಬೊಬ್ಬರಿಗೂ ಪುಟ ಬೇರೆ. ಇಡೀ ಪುಟವನ್ನು ಒಮ್ಮೆ ತಯಾರಿಸಿ ಎಲ್ಲರಿಗೂ ಬಡಿಸುವಂತಿರಲಿಲ್ಲ. ಮತ್ತೆ ಮತ್ತೆ ಡೇಟಾಬೇಸಿನ ಬಾಗಿಲು ತಟ್ಟಬೇಕಿತ್ತು. ಅಂದಿನ ಡಿಸ್ಕುಗಳಿಗೆ ಒಂದು ಮಾಹಿತಿ ಹುಡುಕಿ ತೆಗೆಯಲು ಹಲವು ಮಿಲಿಸೆಕೆಂಡು ಹಿಡಿಯುತ್ತಿತ್ತು. ಓದುಗರು ಹೆಚ್ಚಿದಂತೆ ಡೇಟಾಬೇಸ್ ಮೇಲಿನ ಹೊರೆಯೂ ಹೆಚ್ಚಿತು.

2003ರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಹೂಡಿದ ಉಪಾಯ ಸರಳ. ಎಲ್ಲೆಲ್ಲಿ ಮೆಮೊರಿ ಮಿಕ್ಕಿದೆಯೋ ಅಲ್ಲೆಲ್ಲ ಒಂದು ಪುಟ್ಟ ಪ್ರೋಗ್ರಾಂ ಓಡಿಸುವುದು. ಎಲ್ಲವನ್ನೂ ಸೇರಿಸಿ ಒಂದೇ ಉಗ್ರಾಣದಂತೆ ಬಳಸುವುದು. ಮೊದಲು ಪರ್ಲ್‌ನಲ್ಲಿದ್ದ ಅದನ್ನು ಅನಾತೊಲಿ ವೊರೊಬೇ ಸಿ ಭಾಷೆಯಲ್ಲಿ ಮತ್ತೆ ಬರೆದರು. ಯಾವ ಮಾಹಿತಿ ಯಾವ ಯಂತ್ರದಲ್ಲಿದೆ ಎಂಬ ಪಟ್ಟಿಯೇ ಬೇಡ. ಮಾಹಿತಿಯ ಹೆಸರಿನಿಂದ ಒಂದು ಸಂಖ್ಯೆ ಲೆಕ್ಕ ಹಾಕಿದರೆ ಯಂತ್ರ ಯಾವುದೆಂದು ಗೊತ್ತಾಗುತ್ತದೆ. ಜಾಗ ತುಂಬಿದಾಗ ಬಹಳ ಹೊತ್ತಿನಿಂದ ಯಾರೂ ಕೇಳದ್ದು ಹೊರಗೆ ಹೋಗುತ್ತದೆ. ಯಂತ್ರ ಕೆಟ್ಟರೆ ಅದರಲ್ಲಿದ್ದದ್ದು ಹೋಯಿತು. ಆದರೆ ಮೂಲ ಡೇಟಾಬೇಸಿನಲ್ಲಿ ಭದ್ರ. ಕಣಜ ಬೇರೆ, ಅಡುಗೆಮನೆಯ ಅಕ್ಕಿ ಡಬ್ಬಿ ಬೇರೆ.

2004ರಲ್ಲಿ ಲಿನಕ್ಸ್ ಜರ್ನಲ್ ಪತ್ರಿಕೆಯಲ್ಲಿ ಅವರೇ ಕೊಟ್ಟ ಲೆಕ್ಕ ಹೀಗಿದೆ: 10 ಯಂತ್ರಗಳಲ್ಲಿ ಮೆಮ್‌ಕ್ಯಾಶ್‌ಡಿಯ 28 ಪ್ರತಿಗಳು, 30 ಜಿಬಿ ಮಾಹಿತಿ. ಕೇಳಿದ್ದರಲ್ಲಿ ಸುಮಾರು ಶೇ. 92ರಷ್ಟು ಅಲ್ಲೇ ಸಿಗುತ್ತಿತ್ತು.

ಈ ಶೇ. 92 ಅನ್ನು ನಾನು ತಿರುಗಿಸಿಯೂ ಓದುತ್ತೇನೆ. 100 ಕೋರಿಕೆಗಳಲ್ಲಿ ಡೇಟಾಬೇಸಿಗೆ ಹೋಗುವುದು 8. ಡಬ್ಬಿಗಳೆಲ್ಲ ಒಮ್ಮೆಲೇ ಬರಿದಾದರೆ ಆ 8 ಎಂಬುದು 100 ಆಗುತ್ತದೆ, ಅಂದರೆ ಹನ್ನೆರಡು ಪಟ್ಟಿಗೂ ಹೆಚ್ಚು. ಮಾಹಿತಿ ಕಳೆಯುವುದಿಲ್ಲ ನಿಜ, ಆದರೆ ಡೇಟಾಬೇಸ್ ಕುಸಿಯುತ್ತದೆ. ಮಿಕ್ಕ ಜಾಗವೆಂದು ಬಳಸಲು ಹೊರಟದ್ದು ಸದ್ದಿಲ್ಲದೆ ಮನೆಯ ಕಂಬವಾಗಿರುತ್ತದೆ.

ಇದರ ಉತ್ತರ ಚರಿತ್ರೆಯ ಮುಂದಿನ ಪುಟದಲ್ಲಿದೆ. 2013ರಲ್ಲಿ ಫೇಸ್‌ಬುಕ್ ಇಂಜಿನಿಯರುಗಳು ತಮ್ಮ ಮೆಮ್‌ಕ್ಯಾಶ್ ವ್ಯವಸ್ಥೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ಸೆಕೆಂಡಿಗೆ 100 ಕೋಟಿಗೂ ಹೆಚ್ಚು ಕೋರಿಕೆಗಳನ್ನು ಪೂರೈಸುವ ವ್ಯವಸ್ಥೆ ಅದು. ಅಲ್ಲಿ ಪ್ರತಿ ಸಮೂಹದ ಸುಮಾರು ಶೇ. 1ರಷ್ಟು ಸರ್ವರುಗಳನ್ನು ಮಾಮೂಲಿ ಕೆಲಸಕ್ಕೆ ಹಚ್ಚದೆ ಬದಿಗಿಟ್ಟಿದ್ದರು. ಕೆಲವು ಯಂತ್ರ ಉತ್ತರ ಕೊಡದಿದ್ದರೆ ಅವುಗಳ ಪಾಲಿನ ಕೋರಿಕೆಗಳು ಇವುಗಳತ್ತ ಹರಿಯುತ್ತವೆ, ಡೇಟಾಬೇಸ್ ಉಳಿಯುತ್ತದೆ. ಈ ಗುಂಪಿಗೆ ಅವರಿಟ್ಟ ಹೆಸರು ಗಟರ್. ನಮ್ಮ ಹುಬ್ಬಳ್ಳಿ ಕಡೆಯ ಗಟಾರವೇ!

ನನಗೆ ಆ ಹೆಸರು ಬಹಳ ಹಿಡಿಸಿತು. ವರ್ಷದ ಎಂಟು ತಿಂಗಳು ಗಟಾರ ಒಣಗಿ ಬಿದ್ದಿರುತ್ತದೆ. ಜಾಗ ದಂಡವೆಂದು ಅದರ ಮೇಲೆ ಅಂಗಡಿ ಕಟ್ಟಿದರೆ ಏನಾಗುತ್ತದೆಂದು ಮುಂಬೈಯಲ್ಲೋ ಚೆನ್ನೈಯಲ್ಲೋ ಮಳೆಗಾಲ ಕಳೆದವರಿಗೆ ಹೇಳಬೇಕಾಗಿಲ್ಲ.

ಮಿಕ್ಕ ಮೆಮೊರಿ ದುಡಿಸುವುದು ಒಳ್ಳೆಯದೇ. ದುಡ್ಡಂತೂ ಆಗಲೇ ಕೊಟ್ಟಾಗಿದೆ. ಆದರೆ ದುಡಿಯಲು ಶುರುವಾದ ದಿನದಿಂದ ಅದು ಮಿಕ್ಕದ್ದಲ್ಲ. ಅದು ಕೈಕೊಟ್ಟಾಗ ಹೊರೆ ಹೊರಲು ಬೇರೊಂದು ಖಾಲಿ ಜಾಗ ಬೇಕು. ಖರ್ಚಿನ ಪಟ್ಟಿಯಲ್ಲಿ ಅದು ಪೋಲು ಎಂದು ಕಂಡರೂ ನಾನದನ್ನು ಹೊಡೆದುಹಾಕುವುದಿಲ್ಲ.