ಒಂದು ಯಂತ್ರದ ಪಾಠಾಂತರಗಳು

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಬಾನುಲಿ ನಿಲಯವನ್ನು ಆರಂಭಿಸಿದರೆಂಬುದನ್ನೂ, ‘ಆಕಾಶವಾಣಿ’ ಎಂಬ ಅದರ ಹೆಸರೇ ಮುಂದೆ ದೇಶಕ್ಕೆಲ್ಲ ಸಂದಿತೆಂಬುದನ್ನೂ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಆ ನಿಲಯ ಮಾತನಾಡಿದ್ದು ಕೇಳುಗರ ಸಮೂಹಕ್ಕೆ. ಇದಕ್ಕೆ ದಾಯಾದಿಯಾದ ಇನ್ನೊಂದು ವ್ಯಾಸಂಗ ಉಂಟು. ಪರೀಕ್ಷೆ ಮುಗಿಸಿ, ಸರ್ಕಾರದಿಂದ ಪರವಾನಗಿ ಪಡೆದು, ತನ್ನ ಕೋಣೆಯಲ್ಲಿ ಕುಳಿತು, ಲೋಕದ ಇನ್ನಾವುದೋ ಮೂಲೆಯಲ್ಲಿ ತನ್ನಂತೆಯೇ ಕುಳಿತಿರುವ ಒಬ್ಬನೊಡನೆ ಮಾರ್ಸ್ ಸಂಕೇತದಲ್ಲೋ ಬಾಯಿಮಾತಿನಲ್ಲೋ ಸಂಭಾಷಿಸುವುದು. ಇದೇ ಹವ್ಯಾಸಿ ರೇಡಿಯೋ. ಇದನ್ನು ನಡೆಸುವವರೇ ‘ಹ್ಯಾಮ್’ಗಳು. ಇವರಲ್ಲಿ ಒಂದು ಪಂಗಡಕ್ಕೆ ಹೊಸ ಯಂತ್ರಗಳ ಮೇಲೆ ಅಷ್ಟಾಗಿ ಮೋಹವಿಲ್ಲ. ಮೂಕವಾಗಿ ಮೂಲೆ ಸೇರಿದ ಹಳೆಯ ವಾಲ್ವ್ ಯಂತ್ರವನ್ನು ತಂದು, ಬಿಚ್ಚಿ, ತೊಳೆದು, ತಿದ್ದಿ, ಅದರಿಂದ ಮತ್ತೆ ಮಾತು ಹೊರಡಿಸುವುದರಲ್ಲೇ ಅವರಿಗೆ ತೃಪ್ತಿ. ನಾನು ಬೆಸುಗೆಯ ಕಡ್ಡಿ ಹಿಡಿದವನಲ್ಲ. ಆದರೂ ಇವರ ಕೆಲಸದ ರೀತಿಯನ್ನು ಓದಿ ತಿಳಿದಾಗಲೆಲ್ಲ ಕನ್ನಡದ ಮೇಷ್ಟರಾದ ನನಗೆ ತಾಳೆಗರಿಯ ಕಟ್ಟಿನ ಮುಂದೆ ಕುಳಿತ ಗ್ರಂಥಸಂಪಾದಕನ ನೆನಪಾಗುತ್ತದೆ. ಈ ಹೋಲಿಕೆ ಎಲ್ಲಿಯವರೆಗೆ ಸಲ್ಲುವುದೆಂಬುದನ್ನು ಒಂದೇ ಒಂದು ಯಂತ್ರದ ಕಥೆಯಿಂದ ನೋಡಬಹುದು.

ಆ ಯಂತ್ರದ ಹೆಸರು ಆರ್ ೧೧೫೫. ಎರಡನೆಯ ಮಹಾಯುದ್ಧ ಆರಂಭವಾದ ಕಾಲದಲ್ಲಿ ಇಂಗ್ಲೆಂಡಿನ ಮಾರ್ಕೋನಿ ಕಂಪೆನಿ ಅಲ್ಲಿನ ವಾಯುಪಡೆಗಾಗಿ ರೂಪಿಸಿದ ಗ್ರಾಹಕಯಂತ್ರವಿದು. ಲ್ಯಾಂಕಾಸ್ಟರ್ ಮೊದಲಾದ ಬಾಂಬು ವಿಮಾನಗಳಲ್ಲಿ ಇದನ್ನೂ, ಇದರ ಜೊತೆಗಾರನಾದ ಟಿ ೧೧೫೪ ಎಂಬ ಪ್ರೇಷಕಯಂತ್ರವನ್ನೂ ಕೂಡಿಸಿದ್ದರು. ಪ್ರೇಷಕದ ಮುಖದ ಮೇಲೆ ಕೆಂಪು, ಹಳದಿ, ನೀಲಿ ಬಣ್ಣದ ದಪ್ಪ ಗುಂಡಿಗಳು, ಒಂದೊಂದು ತರಂಗಶ್ರೇಣಿಗೆ ಒಂದೊಂದು ಬಣ್ಣ. ಗ್ರಾಹಕದಲ್ಲಿ ಹತ್ತು ವಾಲ್ವುಗಳು. ಅವುಗಳಲ್ಲೊಂದು, ನಿಲಯ ಸರಿಯಾಗಿ ಸಿಕ್ಕಿತೇ ಎಂಬುದನ್ನು ಹಸಿರು ಬೆಳಕಿನಿಂದ ತೋರಿಸುವ ‘ಮಾಯಾಕಣ್ಣು’. ೭೫ ಕಿಲೋಹರ್ಟ್ಸ್‌ನಿಂದ ೧೮.೫ ಮೆಗಾಹರ್ಟ್ಸ್‌ವರೆಗೆ, ನಡುವೆ ಕೆಲವು ಕಂದಕಗಳನ್ನು ಬಿಟ್ಟು, ಐದು ಶ್ರೇಣಿಗಳಲ್ಲಿ ಇದು ಕೇಳಬಲ್ಲದು. ಅಷ್ಟೇ ಅಲ್ಲ, ಕೆಲವು ವಾಲ್ವುಗಳು ಬೇರೆಯೇ ಒಂದು ಕೆಲಸಕ್ಕೆ ಮೀಸಲಾಗಿದ್ದವು. ವಿಮಾನದ ಮೇಲಿದ್ದ ಬಳೆಯಾಕಾರದ ಏರಿಯಲ್ಲನ್ನು ತಿರುಗಿಸಿದರೆ, ಭೂಮಿಯ ನಿಲಯ ಯಾವ ದಿಕ್ಕಿನಲ್ಲಿದೆಯೆಂಬುದನ್ನು ಅವು ಮುಳ್ಳುಗಳ ಮೂಲಕ ತಿಳಿಸುತ್ತಿದ್ದವು. ಮೋಡ ಕವಿದ ರಾತ್ರಿಯಲ್ಲಿ ದಾರಿ ತಪ್ಪಿದ ವಿಮಾನಕ್ಕೆ ಮನೆಯ ದಿಕ್ಕು ತೋರಿಸುತ್ತಿದ್ದುದು ಈ ಭಾಗವೇ. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇತ್ತ ಯುದ್ಧ ಆರಂಭವಾದೊಡನೆ, ೧೯೩೯ರಲ್ಲಿ, ಬ್ರಿಟನ್ನಿನ ಹವ್ಯಾಸಿಗಳ ಪರವಾನಗಿಗಳು ರದ್ದಾಗಿ ಅವರ ಪ್ರೇಷಕಗಳು ಸರ್ಕಾರದ ವಶವಾದವು. ನಮ್ಮ ದೇಶದ ಬೆರಳೆಣಿಕೆಯ ಹವ್ಯಾಸಿಗಳ ಗತಿಯೂ ಅದೇ ಆಯಿತು. ಆದರೆ ಅಲ್ಲಿ ಬಾಯಿ ಕಟ್ಟಿದ ಸರ್ಕಾರವೇ ಅವರ ಕಿವಿಗಳನ್ನು ಬೇಡಿತು. ಮಾರ್ಸ್ ಬಲ್ಲ ಸುಮಾರು ೧,೫೦೦ ಮಂದಿ, ಹಗಲು ತಮ್ಮ ತಮ್ಮ ಕೆಲಸ ಮುಗಿಸಿ, ರಾತ್ರಿ ಮನೆಯಲ್ಲಿ ಕುಳಿತು ಜರ್ಮನಿಯ ಬೇಹುಗಾರರ ಸಂಕೇತಗಳನ್ನು ಕೇಳಿ ಬರೆದು, ಬಾರ್ನೆಟ್ಟಿನ ೨೫ನೆಯ ಅಂಚೆಪೆಟ್ಟಿಗೆಗೆ ಕಳುಹಿಸುತ್ತಿದ್ದರು. ತಾವು ಬರೆದ ಅಕ್ಷರಗಳ ಅರ್ಥವೇನೆಂಬುದು ಅವರಿಗೆ ತಿಳಿಯದು. ಅದನ್ನು ಬಿಡಿಸುವವರು ಬೇರೆ ಇದ್ದರು. ಅರ್ಥವಾಗದ ಪಾಠವನ್ನು ಅಕ್ಷರ ಬಿಡದೆ ನಕಲು ಮಾಡಿದ ನಮ್ಮ ಲಿಪಿಕಾರರೂ ಇಂಥವರೇ ಅಲ್ಲವೆ?

೧೯೪೬ರಲ್ಲಿ ಪರವಾನಗಿಗಳು ಮರಳಿ ದೊರೆತವು. ಅದೇ ಹೊತ್ತಿಗೆ ಯುದ್ಧಕ್ಕೆಂದು ಸಾವಿರ ಸಾವಿರ ಸಂಖ್ಯೆಯಲ್ಲಿ ತಯಾರಾಗಿದ್ದ ಯಂತ್ರಗಳು ಬೇಡವಾಗಿ, ಲಂಡನ್ನಿನ ಲೈಲ್ ಬೀದಿಯಂಥ ಕಡೆ ಹಳೆಯ ಸಾಮಾನಿನಂತೆ ರಾಶಿ ಬಿದ್ದವು. ಹಣವಿಲ್ಲದ ಹವ್ಯಾಸಿಗೆ ಅದು ಸುಗ್ಗಿಯ ಕಾಲ. ಆದರೆ ಆರ್ ೧೧೫೫ನ್ನು ಮನೆಗೆ ತಂದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಅದು ಮಾತನಾಡದು. ವಿಮಾನದ ಬ್ಯಾಟರಿಯಿಂದ ತಿರುಗುವ ಯಂತ್ರವೊಂದು ಅದಕ್ಕೆ ವಿದ್ಯುತ್ತು ಒದಗಿಸುತ್ತಿತ್ತು. ಮನೆಯಲ್ಲಿ ಅದಕ್ಕೊಂದು ವಿದ್ಯುತ್ ಪೆಟ್ಟಿಗೆಯನ್ನೇ ಕಟ್ಟಬೇಕು. ಧ್ವನಿಯೂ ಕಿವಿಗೆ ಹಾಕುವ ಹೆಡ್‌ಫೋನಿಗೆ ಸಾಕಾಗುವಷ್ಟೇ. ಸ್ಪೀಕರ್ ಬೇಕೆಂದರೆ ಇನ್ನೊಂದು ವಾಲ್ವನ್ನು ಕೂಡಿಸಬೇಕು. ಅದಕ್ಕೆ ಜಾಗವೆಲ್ಲಿ? ದಿಕ್ಕು ತೋರಿಸುವ ಭಾಗ ಮನೆಯಲ್ಲಿ ಕುಳಿತವನಿಗೆ ಏಕೆ? ಕಿತ್ತು ಹಾಕು! ಹೀಗೆ ಮಾಡುವ ವಿಧಾನವನ್ನು ಹವ್ಯಾಸಿ ಪತ್ರಿಕೆಗಳು ಚಿತ್ರಸಹಿತ ಅಚ್ಚು ಹಾಕಿದವು. ಬಹು ಮಂದಿ ಅದನ್ನು ಅನುಸರಿಸಿದರು. ಮುಖಫಲಕಕ್ಕೆ ಹೊಸ ತೂತು ಕೊರೆದರು, ಹಳೆಯ ಪ್ಲಗ್ಗುಗಳನ್ನು ಬಿಸುಟರು, ಮೇಲೆ ತಮಗೆ ತೋಚಿದ ಬಣ್ಣ ಬಳಿದರು. ಹೀಗೆ ರಾತ್ರಿಯಲ್ಲಿ ದಾರಿ ತೋರಿಸುತ್ತಿದ್ದ ಭಾಗವೇ ಮೊದಲು ಕಸದ ಬುಟ್ಟಿ ಸೇರಿತು.

ಯಂತ್ರ ಕಾರ್ಖಾನೆಯಿಂದ ಹೊರಟದ್ದೂ ಒಂದೇ ರೂಪದಲ್ಲಲ್ಲ. ಕೆಲವಕ್ಕೆ ಅಲ್ಯೂಮಿನಿಯಂ ಪೆಟ್ಟಿಗೆ, ಕೆಲವಕ್ಕೆ ಉಕ್ಕಿನದು. ರೇಡಾರಿನ ಉಪಟಳ ತಡೆಯಲು ಕೆಲವಕ್ಕೆ ಹೆಚ್ಚಿನ ಸುರುಳಿಗಳು ಸೇರಿದವು. ‘ಎಲ್’ ಮತ್ತು ‘ಎನ್’ ಎಂಬ ಬಗೆಗಳಲ್ಲಿ ಅತಿ ಕೆಳಗಿನ ಶ್ರೇಣಿಯನ್ನು ತೆಗೆದು, ಹಡಗುಗಳು ಬಳಸುವ ೧.೫ರಿಂದ ೩ ಮೆಗಾಹರ್ಟ್ಸ್‌ವರೆಗಿನ ಶ್ರೇಣಿಯನ್ನು ಕೂಡಿಸಿದರು. ಕವಿಯ ಕೈಯಿಂದಲೇ ಹೊರಟ ಪಾಠಭೇದಗಳು ಬೇರೆ, ಲಿಪಿಕಾರನ ಪ್ರಕ್ಷೇಪಗಳು ಬೇರೆ. ಇಲ್ಲಿಯೂ ಎರಡನ್ನೂ ಬಿಡಿಸಿ ನೋಡದೆ ಕೈ ಹಾಕಿದವನು ಮೂಲವೆಂದು ತಿಳಿದು ಮೂಲವಲ್ಲದ್ದನ್ನು ಕಟ್ಟಿಬಿಡುತ್ತಾನೆ.

ಇನ್ನು ಕಾಲಪುರುಷನ ಕೆಲಸ. ತಾಳೆಗರಿಗೆ ಹುಳು ಹೇಗೋ ವಾಲ್ವ್ ಯಂತ್ರಕ್ಕೆ ಕಂಡೆನ್ಸರ್ ಹಾಗೆ. ಎರಡು ಲೋಹದ ಹಾಳೆಗಳ ನಡುವೆ ಕಾಗದವನ್ನಿಟ್ಟು ಸುತ್ತಿದ ಈ ಸುರುಳಿಗಳು ವರ್ಷಗಳು ಕಳೆದಂತೆ ತೇವ ಹೀರಿ, ತಡೆಯಬೇಕಾದ ವಿದ್ಯುತ್ತನ್ನು ತೊಟ್ಟು ತೊಟ್ಟಾಗಿ ಸೋರಲು ಬಿಡುತ್ತವೆ. ಸ್ಪೀಕರಿಗೆ ಬಲ ಕೊಡುವ ವಾಲ್ವಿನ ಬಾಗಿಲಲ್ಲಿರುವ ಕಂಡೆನ್ಸರ್ ಹೀಗೆ ಸೋರಿದರೆ, ಆ ವಾಲ್ವ್ ಮಿತಿ ಮೀರಿ ವಿದ್ಯುತ್ತು ಸೆಳೆದು ಕಾಯುತ್ತದೆ, ಧ್ವನಿ ಒಡೆಯುತ್ತದೆ, ಕಡೆಗೆ ವಾಲ್ವೂ ಅದರ ಟ್ರಾನ್ಸ್‌ಫಾರ್ಮರೂ ಸುಟ್ಟುಹೋಗುತ್ತವೆ. ಹವ್ಯಾಸಿ ಕಟ್ಟಿದ ವಿದ್ಯುತ್ ಪೆಟ್ಟಿಗೆಯಲ್ಲಿರುವ ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳದು ಬೇರೆ ರೋಗ. ಬಹುಕಾಲ ಸುಮ್ಮನಿದ್ದರೆ ಅವುಗಳೊಳಗಿನ ತೆಳುವಾದ ಆಕ್ಸೈಡ್ ಪೊರೆ ಸವೆಯುತ್ತದೆ. ಒಮ್ಮೆಲೇ ಪೂರ್ಣ ವೋಲ್ಟೇಜು ಕೊಟ್ಟರೆ ಸಿಡಿದರೂ ಸಿಡಿದಾವು. ಆದುದರಿಂದ ಬಲ್ಲವರು, ಉಪವಾಸ ಮಾಡಿದವನಿಗೆ ಗಂಜಿ ಕೊಡುವಂತೆ, ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ವೋಲ್ಟೇಜು ಏರಿಸುತ್ತಾರೆ. ಕೆಲವರು ವಿದ್ಯುದ್ದೀಪವೊಂದನ್ನು ದಾರಿಯಲ್ಲಿ ಇಡುತ್ತಾರೆ. ಒಳಗೆ ದೋಷವಿದ್ದರೆ ದೀಪ ಪ್ರಖರವಾಗಿ ಉರಿದು ಎಚ್ಚರಿಸುತ್ತದೆ. ಇಂಗಾಲದ ರೆಸಿಸ್ಟರುಗಳ ಬೆಲೆ ಏರುತ್ತ ಹೋಗಿರುತ್ತದೆ (ಅಂಗಡಿಯ ಬೆಲೆಯಲ್ಲ, ಓಮ್‌ಗಳ ಲೆಕ್ಕ). ತಂತಿಯ ಮೇಲಿನ ರಬ್ಬರು ಮುಟ್ಟಿದರೆ ಹಪ್ಪಳದಂತೆ ಉದುರುತ್ತದೆ. ಶ್ರುತಿಚಕ್ರದ ಹಲ್ಲುಗಳಲ್ಲಿ ಹಚ್ಚಿದ್ದ ಗ್ರೀಸು ಮೇಣವಾಗಿರುತ್ತದೆ. ವಿದ್ಯುತ್ತನ್ನು ತೆಗೆದ ಮೇಲೂ ಕಂಡೆನ್ಸರಿನಲ್ಲಿ ನೂರಾರು ವೋಲ್ಟುಗಳು ಹೊಂಚಿ ಕುಳಿತಿರಬಹುದು. ಬದುಕಿರುವ ಯಂತ್ರವನ್ನು ಪರೀಕ್ಷಿಸುವಾಗ ಒಂದು ಕೈ ಜೇಬಿನಲ್ಲಿರಲಿ ಎಂದು ಹಳೆಯ ಮೆಕ್ಯಾನಿಕ್ಕುಗಳು ಹೇಳುತ್ತಿದ್ದುದು ತಮಾಷೆಗಲ್ಲ.

ವಿಚಿತ್ರವೆಂದರೆ ಜನ ಮೊದಲು ಶಂಕಿಸುವ ವಾಲ್ವುಗಳೇ ಹಲವು ಸಲ ಕೆಟ್ಟಿರುವುದಿಲ್ಲ. ೧೯೪೭ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೂ ಬಹುಕಾಲ ಲೋಕದಲ್ಲಿ ವಾಲ್ವುಗಳು ತಯಾರಾಗುತ್ತಿದ್ದವು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಅವುಗಳ ತಯಾರಿಕೆಗೆ ತೊಡಗಿದ್ದೇ ೧೯೬೧ರಲ್ಲಿ.

ಎಲ್ಲ ಸರಿಯಾದ ಮೇಲೆ ಶ್ರುತಿ ಕೂಡಿಸಬೇಕು. ೧೯೧೮ರಲ್ಲಿ ಅಮೆರಿಕದ ಆರ್ಮ್‌ಸ್ಟ್ರಾಂಗ್ ಕಂಡುಹಿಡಿದ ಉಪಾಯದಂತೆ, ಯಾವ ನಿಲಯ ಬಂದರೂ ಅದನ್ನು ಮೊದಲು ಒಂದೇ ನಿಶ್ಚಿತ ಕಂಪನಕ್ಕೆ ಬದಲಾಯಿಸಿಕೊಂಡು ಬಲಪಡಿಸುವುದು ಈ ಯಂತ್ರದ ಕ್ರಮ. ಆರ್ ೧೧೫೫ರಲ್ಲಿ ಅದು ೫೬೦ ಕಿಲೋಹರ್ಟ್ಸ್. ಅಷ್ಟಕ್ಕೆ ಸರಿಯಾಗಿ ಒಂದೊಂದು ಸುರುಳಿಯ ತಿರುಪನ್ನೂ ಕೂದಲೆಳೆಯಷ್ಟು ತಿರುಗಿಸುತ್ತ ಹೋಗಬೇಕು. ವೀಣೆಯ ಬಿರಡೆ ತಿರುಗಿಸಿದವರಿಗೆ ಈ ತಾಳ್ಮೆ ಅರ್ಥವಾದೀತು.

ಆದರೆ ನಿಜವಾದ ಜಗಳ ಇರುವುದು ಬೇರೆ ಕಡೆ. ೧೯೪೭ರಲ್ಲಿ ಯಾವನೋ ಹವ್ಯಾಸಿ ಕೂಡಿಸಿದ ವಾಲ್ವನ್ನು ಕಿತ್ತು, ದಿಕ್ಕು ತೋರಿಸುವ ಭಾಗವನ್ನು ಹೊಸದಾಗಿ ಕಟ್ಟಿ, ಯಂತ್ರವನ್ನು ಲ್ಯಾಂಕಾಸ್ಟರಿನಲ್ಲಿದ್ದಂತೆ ಮಾಡಬೇಕೆಂಬುದು ಒಂದು ಪಂಥ. ಆ ಹವ್ಯಾಸಿಯ ಕೈಕೆಲಸವೂ ಚರಿತ್ರೆಯೇ, ಅದನ್ನು ಅಳಿಸುವ ಹಕ್ಕು ನಮಗಿಲ್ಲವೆಂಬುದು ಇನ್ನೊಂದು. ಸತ್ತ ಕಂಡೆನ್ಸರಿನ ಹೊಟ್ಟೆ ಬಗೆದು, ಒಳಗೆ ಹೊಸದನ್ನು ಅಡಗಿಸಿ, ಮೇಲೆ ಹಳೆಯ ಚಿಪ್ಪನ್ನೇ ಮುಚ್ಚುವ ಮಧ್ಯಮಾರ್ಗದವರೂ ಇದ್ದಾರೆ. ನೋಟಕ್ಕೆ ಅದು ಅಂದವೇ ಸರಿ. ಆದರೆ ಮುಂದೆ ಬಿಚ್ಚಿದವನು ಮೋಸಹೋಗುತ್ತಾನೆ. ಹೊಸ ಓಲೆಗೆ ಹೊಗೆ ಹಿಡಿಸಿ ಹಳತೆಂದು ಕೊಟ್ಟರೆ ನಾವು ಮೆಚ್ಚುತ್ತೇವೆಯೆ? ನನ್ನ ಮಟ್ಟಿಗೆ ಎರಡನೆಯ ಪಂಥವೇ ಸರಿಯೆಂದು ತೋರುತ್ತದೆ. ವಿಮಾನದಲ್ಲಿ ಆ ಯಂತ್ರ ಬಾಳಿದ್ದು ಕೆಲವೇ ವರ್ಷ. ಹವ್ಯಾಸಿಯ ಮೇಜಿನ ಮೇಲೆ ದಶಕಗಳು. ಪರವಾನಗಿ ಮರಳಿ ಪಡೆದವನೊಬ್ಬ ಮಿಕ್ಕಿದ ಸಾಮಾನಿನಿಂದ ಮೊದಲ ಬಾರಿ ದೂರದೇಶವನ್ನು ಕೇಳಿದ್ದಕ್ಕೆ ಆ ಒರಟು ಬೆಸುಗೆಯೇ ಉಳಿದಿರುವ ಸಾಕ್ಷಿ. ಅವನ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಕೈ ಮುಟ್ಟದ ಆರ್ ೧೧೫೫ ಎಲ್ಲಿಯಾದರೂ ಸಿಕ್ಕಿದರೆ ಮಾತು ಬೇರೆ. ಅದರ ದಿಕ್ಸೂಚಕ ಭಾಗಕ್ಕೆ ಇಕ್ಕಳ ತಾಗಿಸಬಾರದು. ಅದು ಮೂಕವಾಗಿಯೇ ಇದ್ದರೂ ಚಿಂತೆಯಿಲ್ಲ.

ಗ್ರಂಥಸಂಪಾದಕನಿಗೆ ಒಂದು ಸೌಕರ್ಯವುಂಟು. ಬಿಟ್ಟ ಪಾಠವನ್ನು ಅವನು ಪುಟದ ಅಡಿಯಲ್ಲಿ ಕೊಡಬಲ್ಲ. ಮೂಲ ಓಲೆಯೂ ಭಂಡಾರದಲ್ಲಿ ಉಳಿದಿರುತ್ತದೆ. ಯಂತ್ರಕ್ಕೆ ಅಡಿಟಿಪ್ಪಣಿಯಿಲ್ಲ, ಕಿತ್ತದ್ದು ಹೋಯಿತು. ಆದಕಾರಣ ವಿವೇಕಿಗಳಾದವರು ಬಿಚ್ಚುವ ಮೊದಲೇ ಚಿತ್ರ ತೆಗೆದಿಡುತ್ತಾರೆ. ಯಾವ ಭಾಗವನ್ನು ಯಾವ ದಿನ ಬದಲಿಸಿದೆನೆಂದು ಚೀಟಿ ಬರೆದು ಒಳಗೇ ಕಟ್ಟುತ್ತಾರೆ. ಕಳಚಿದ ಕಂಡೆನ್ಸರುಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಅದೇ ಪೆಟ್ಟಿಗೆಯ ಮೂಲೆಯಲ್ಲಿ, ಬಿಸಿ ತಾಗದ ಕಡೆ, ಇಡುತ್ತಾರೆ.